ಕಾಯಿ ತುಂಬಿದ ಗಿಡ

ಐವತ್ತೆಂಟು ದಾಟಿದ ರಂಗವ್ವನಿಗೆ ಈಚೆಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಬಸ್ಸಿನ ಬೋರ್ಡು ಓದಲು ಮೊದಲೂ ಆಗುತ್ತಿರಲಿಲ್ಲ, ಓದು ಬಂದರೆ ತಾನೆ! ಆದರೆ ಹರಿಹರದ ಹೊಳೆ ಕಡೆಯ ಆ ಹೊಲದಲ್ಲಿ ಎರಡು ಮೆಣಸಿನ ಗಿಡ ತೋರಿಸಿ ಯಾವುದು ಯಾವುದೆಂದು ಕೇಳಿದರೆ, ಹೊಲದ ಯಜಮಾನರಿಗಿಂತ ಮೊದಲು ಆಕೆಯೇ ಹೇಳುತ್ತಿದ್ದಳು. ಬಂದವರ ಮುಂದೆಲ್ಲ ಆ ಯಜಮಾನರು, ಕೊಟ್ರೇಶ್ ಮೇಷ್ಟ್ರು, "ರಂಗವ್ವ ನೋಡಿದ್ಲು ಅಂದ್ರೆ ಮುಗೀತು" ಎನ್ನುತ್ತಿದ್ದರು. ಜೀವಮಾನದಲ್ಲಿ ಆಕೆಗೆ ಸಿಕ್ಕ ಸರ್ಟಿಫಿಕೇಟು ಅದೊಂದೇ.

ಅದಕ್ಕೆ ಮುಂಚೆ ಮೂವತ್ತು ವರ್ಷ ಆಕೆ ಬೀಜದ ಕಂಪನಿಗಳ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಮಾಡಿದವಳು. ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರ್ ಹತ್ತಿ ಹೋಗಿ, ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಬೇರೆ ಗಿಡದ ಹೂವಿನ ಪುಡಿ ಹಚ್ಚಿ, ಗುರುತಿಗೆ ದಾರ ಕಟ್ಟಿ ಮುಂದಿನ ಮೊಗ್ಗಿಗೆ ಬಾಗುವ ಕೆಲಸ. ಬಾಗಿದ ಸೊಂಟ ಆಮೇಲೆ ಪೂರ್ತಿ ನೆಟ್ಟಗಾಗಲೇ ಇಲ್ಲ. ಬೆರಕೆ ಗಿಡ ಕಂಡರೆ ಕಿತ್ತು ಬಿಸಾಡು ಎನ್ನುತ್ತಿದ್ದರು, ಕಿತ್ತು ಬಿಸಾಡುತ್ತಿದ್ದಳು. ಆ ಗಿಡ ಯಾಕೆ ಬೆರಕೆ ಎಂದು ಆಕೆಯನ್ನು ಒಬ್ಬರೂ ಕೇಳಿರಲಿಲ್ಲ. ಕೇಳಿದವರು ಮೇಷ್ಟ್ರೊಬ್ಬರೇ.

ಮೇಷ್ಟ್ರು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯವರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮೇಲೆ ಸುಮ್ಮನೆ ಪೇಪರ್ ಓದಿಕೊಂಡು ಕೂರಬಹುದಿತ್ತು. ಕೂರಲಿಲ್ಲ. ಹರಿಹರದಲ್ಲಿದ್ದ ಹಿರಿಯರ ಹೊಲದ ಒಂದು ಮೂಲೆಗೆ ಹುಳ ಬಾರದಂತೆ ಪರದೆ ಕಟ್ಟಿಸಿ, ಅಸ್ಸಾಮಿನ ಗೆಳೆಯನೊಬ್ಬ ಕೊಟ್ಟ ಭೂತ್ ಜೊಲೋಕಿಯಾ ಬೀಜ ಹಾಕಿದರು. ಒಂದು ಚೂರು ನಾಲಗೆಗೆ ತಾಗಿದರೆ ಕಿವಿಯಲ್ಲಿ ಹೊಗೆ ಬರುವಂಥ ಮೆಣಸಿನಕಾಯಿ. ಅವರ ಹೆಂಡತಿ ಆಶಾರಾಣಿ ಅದನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡಲಿಲ್ಲ. "ಒಂದು ಕಾಯಾಗೆ ಇಡೀ ಬ್ಲಾಕಿಗೆ ಸಾರು ಮಾಡಬೌದು, ಉಣ್ಣೋರು ಯಾರು?" ಎಂದು ಆಕೆ ಇವತ್ತಿಗೂ ಕೇಳುತ್ತಾಳೆ.

ಆ ಗಿಡಗಳ ನಡುವೆ ಒಂದು ತಾನಾಗಿಯೇ ಬೇರೆ ಥರ ಹುಟ್ಟಿತ್ತು. ಕಾಯಿಯ ತುದಿಗೆ ಚೇಳಿನ ಕೊಂಡಿಯಂಥ ಸಣ್ಣ ಬಾಲ, ಮುರಿದರೆ ಮಾಗಿದ ಹಣ್ಣಿನ ಪರಿಮಳ. ಅದರ ಬೀಜವನ್ನೇ ಬೇರೆ ಇಟ್ಟು, ವರ್ಷವರ್ಷವೂ ಬಿತ್ತಿ, ಅದರಂತಿಲ್ಲದ್ದನ್ನು ಕೀಳುತ್ತಾ ಹೋದರೆ ಏಳೆಂಟು ವರ್ಷಕ್ಕೆ ಅದೊಂದು ಬದಲಾಗದೆ ನಿಂತ ತಳಿ ಆಗುತ್ತದೆ ಎಂದು ಮೇಷ್ಟ್ರು ಲೆಕ್ಕ ಹಾಕಿದರು. ರಂಗವ್ವ ಗುಣ ನೋಡಿ ಅದಕ್ಕೆ ಅಕ್ಕ ಎಂದು ಹೆಸರಿಟ್ಟಳು, ಹಳೆಯದಕ್ಕೆ ತಂಗಿ. ಆಮೇಲೆ ಪರದೆಯೊಳಗೆ ಅಕ್ಕ ಮಾತ್ರ, ತಂಗಿ ಬೇಲಿಯಾಚೆ. ಎರಡಕ್ಕೂ ಒಂದೇ ಎಲೆ, ಒಂದೇ ಎತ್ತರ, ಒಂದೇ ಕೆಂಪು. ಬಾಲವೂ ಪರಿಮಳವೂ ಬಿಟ್ಟರೆ ಬೇರೆ ಗೊತ್ತಾಗುವುದು ಬಾಯಿಗಿಟ್ಟಾಗಲೇ. ತಂಗಿ ತಕ್ಷಣ ಕಚ್ಚುತ್ತದೆ. ಅಕ್ಕ ಸುಮ್ಮನಿದ್ದು, ಏನೂ ಇಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಗಂಟಲಿಗಿಳಿದು ಅರ್ಧ ಗಂಟೆ ಅಲ್ಲೇ ಕೂರುತ್ತದೆ. ಮೇಷ್ಟ್ರು ಹೊಟ್ಟೆಯ ಹುಣ್ಣಾಗಿ ಆಸ್ಪತ್ರೆ ಸೇರಿದ ಮೇಲೆ ಕಡ್ಡಿಯ ತುದಿಯಲ್ಲಿ ರುಚಿ ನೋಡುವ ಕೆಲಸವೂ ರಂಗವ್ವನದೇ ಆಯಿತು. ನೋಡಿದ ಮೇಲೆ ಒಂದು ಚೂರು ಬೆಲ್ಲ, ಒಂದು ಲೋಟ ಮಜ್ಜಿಗೆ, ಕಣ್ಣಲ್ಲಿ ನೀರು.

ಕೈಯದು ಇನ್ನೊಂದು ಕಥೆ. ಎಣ್ಣೆ ಹಚ್ಚಿಕೊಂಡರೂ, ಗ್ಲೌಸ್ ಹಾಕಿದರೂ, ಕಾಯಿ ಬಿಡಿಸಿದ ದಿನ ಬೆರಳಿನ ಖಾರ ಮಾರನೆಯ ದಿನದವರೆಗೆ ಹೋಗುತ್ತಿರಲಿಲ್ಲ. ಎರಡು ತುಂಬಲು ಬಂದ ಮೊಮ್ಮಗಳನ್ನು ಆ ದಿನಗಳಲ್ಲಿ ಎತ್ತಿಕೊಳ್ಳುವಂತಿರಲಿಲ್ಲ.

ಈ ಡಿಸೆಂಬರಿಗೆ ಏಳನೇ ಬೆಳೆ. ರೈತರು ಕಟ್ಟಿದ ತಳಿಗಳನ್ನು ದಾಖಲು ಮಾಡಿಕೊಳ್ಳುವ ಅಧಿಕಾರಿಗಳು ಸೋಮವಾರ ನೋಡಲು ಬರುವವರಿದ್ದರು. ತೊಂಬತ್ತು ಗಿಡವೂ ಒಂದೇ ಥರ ಇರಬೇಕು. ತಳಿಗೆ 'ರಂಗಿ' ಎಂದು ಹೆಸರಿಡುವುದಾಗಿ ಮೇಷ್ಟ್ರು ಹೇಳಿದಾಗ ರಂಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಆದರೆ ಮನೆಗೆ ಹೋಗಿ ಓಣಿಯವರಿಗೆಲ್ಲ ಹೇಳಿದ್ದಳು. ಸರ್ಕಾರದ ಕಾಗದದಲ್ಲಿ ತನ್ನ ಹೆಸರು ರೇಷನ್ ಕಾರ್ಡು ಬಿಟ್ಟು ಬೇರೆಡೆ ಬರುತ್ತದೆ ಎಂದರೆ ಯಾರಿಗೆ ಬೇಡ?

ಶುಕ್ರವಾರ ಬೆಳಿಗ್ಗೆ ಮೇಷ್ಟ್ರೂ ರಂಗವ್ವನೂ ಸಾಲು ಸಾಲಾಗಿ ನೋಡುತ್ತಾ ಹೋದರು. ಹನ್ನೊಂದು ಗಿಡದ ಕಾಯಿಗಳಿಗೆ ಬಾಲವಿರಲಿಲ್ಲ. ರಂಗವ್ವ ಒಂದನ್ನು ಮುರಿದು ಕಡ್ಡಿಯಲ್ಲಿ ನಾಲಗೆಗೆ ತಾಗಿಸಿಕೊಂಡಳು. ತಕ್ಷಣ ಕಚ್ಚಿತು.

"ತಂಗಿ," ಎಂದಳು. ಬೆಲ್ಲ ಬಾಯಿಗೆ ಹಾಕಿಕೊಳ್ಳುವುದನ್ನೂ ಮರೆತಳು.

ಮೇಷ್ಟ್ರು ಬದುವಿನ ಮೇಲೆ ಕೂತರು. ಪಾಠ ಮಾಡುವ ದನಿಯಲ್ಲೇ ಹೇಳಿದರು. "ಹೋದ ವರ್ಷ ಎಲ್ಲಾ ಸರಿ ಇತ್ತು. ಅಂದ್ರೆ ಬೆರಕೆ ಆಗಿದ್ದು ಅದರ ಹಿಂದಿನ ವರ್ಷ. ಮಕ್ಕಳಾಗೆ ಅಡಗಿ ಕೂತು ಮೊಮ್ಮಕ್ಕಳಾಗೆ ಕಾಣಿಸ್ಕಂತದೆ. ನಾನು ಆಸ್ಪತ್ರೆಯಾಗೆ ಇದ್ದ ವರ್ಷ ನೋಡು. ಕುತುಬುದ್ದೀನ್ ಪರದೆ ಹೊಲಿದ ವರ್ಷ."

ಕುತುಬುದ್ದೀನ್ ಹರಿಹರದ ಪೇಟೆಯ ಟೈಲರ್, ವಯಸ್ಸಾದವರು. ಹೊಲದ ಪರದೆ ಹೊಲಿದುಕೊಡುವವರು ಅವರೇ. ಪರದೆಯ ಹೊಲಿಗೆ ಬಿಟ್ಟು, ಬೇಲಿಯಾಚೆಯ ತಂಗಿ ಗಿಡಗಳಿಂದ ಜೇನುಹುಳ ಒಳಗೆ ಬಂದಿವೆ ಎಂಬುದು ಮೇಷ್ಟ್ರ ತೀರ್ಮಾನ. ಅಲ್ಲೇ ಫೋನು ಹಚ್ಚಿದರು. ಕಿವಿ ಮಂದವಾದ್ದರಿಂದ ಸ್ಪೀಕರಿಗೆ ಹಾಕಿಯೇ ಮಾತಾಡುವುದು.

"ಏನ್ರಿ ಸಾಬ್ರೆ, ನಿಮ್ಮ ಒಂದು ಹೊಲಿಗಿಯಿಂದ ನನ್ನ ಏಳು ವರ್ಷದ ಕೆಲ್ಸ ಹಾಳಾತಲ್ರಿ!"

"ಡಬಲ್ ಹೊಲಿಗಿ ಹಾಕಿದ್ದೆ ಮೇಷ್ಟ್ರೆ..." ಎಂದರು ಕುತುಬುದ್ದೀನ್. "ಆದ್ರೂ ಬಿಟ್ಟಿರಬೌದು. ಕಣ್ಣು ಮೊದಲಿನಂಗೆ ಇಲ್ಲ ಈಗ. ಮಾಫ್ ಮಾಡ್ರಿ."

ಮಾಡದ ತಪ್ಪಿಗೆ ತನ್ನ ಕಣ್ಣನ್ನೇ ಅನುಮಾನಿಸಿಕೊಂಡ ಆ ಮುದುಕನ ಮಾತನ್ನು ರಂಗವ್ವನಿಗೆ ತಡೆದುಕೊಳ್ಳಲಾಗಲಿಲ್ಲ. ಕಣ್ಣಿನ ಭಯ ಆಕೆಗೂ ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ಆಕೆಯ ಮಾತಿನ ಬೆಲೆ ಉಳಿಯುತ್ತಿತ್ತು. ಬಿಟ್ಟರೆ ಆ ಒಂದೇ ಸರ್ಟಿಫಿಕೇಟೂ ಹೋಗುತ್ತಿತ್ತು.

"ಫೋನ್ ಇಡಬ್ಯಾಡ್ರಿ ಮೇಷ್ಟ್ರೆ," ಎಂದಳು. "ಅವರೂ ಕೇಳ್ಲಿ. ಹೊಲಿಗಿ ಬಿಟ್ಟಿರಲಿಲ್ಲ. ತಪ್ಪು ನಂದು."

ಮೇಷ್ಟ್ರು ತಿರುಗಿ ನೋಡಿದರು.

"ನಲ್ಲಿ ಹತ್ರ ಒಂದು ಗಿಡ ಇತ್ತು. ಪರದೆ ಒಳಗೇ. ಬಾಲ ಇಲ್ದಿದ್ದು. ಕೀಳು ಅಂತ ನೀವು ಆಸ್ಪತ್ರೆಯಿಂದ ಹೇಳಿದ್ರಿ, ಹೂಂ ಅಂದೆ. ಕೀಳಲಿಲ್ಲ."

"ಯಾಕ?"

"ಮೈತುಂಬ ಕಾಯಿ ಇದ್ವು. ಬಿಂದುಗೆ ಆಗ ಏಳು ತಿಂಗ್ಳು."

ಮಗಳು ಬಿಂದುಗೆ ಅದಕ್ಕೆ ಮೊದಲು ಎರಡು ಸಲ ಬಸುರು ನಿಂತಿರಲಿಲ್ಲ. ಉಕ್ಕಡಗಾತ್ರಿಯ ದೇವರಿಗೆ ಹರಕೆ ಹೊತ್ತು, ಅಮಾವಾಸ್ಯೆಗೆ ಮೂರು ಸಲ ಹೋಗಿ ಬಂದಿದ್ದರು. ಆ ದಿನ ರಂಗವ್ವ ಗಿಡದ ಬುಡಕ್ಕೆ ಕೈ ಹಾಕಿದ್ದೇನೋ ನಿಜ. ಮೂವತ್ತು ವರ್ಷದಲ್ಲಿ ಸಾವಿರ ಗಿಡ ಕಿತ್ತ ಕೈ ಅಂದು ಎಳೆಯಲಿಲ್ಲ. ಹಳೇ ಸೀರೆಯ ತುಂಡು ಸುತ್ತಿ ಗಿಡವನ್ನು ಮುಚ್ಚಿದಳು. ಹಾಗೆ ಮುಚ್ಚಿದರೆ ಸಾಕೆಂದು ತನಗೆ ತಾನೇ ಹೇಳಿಕೊಂಡಳು. ಸಾಲದೆಂದು ಗೊತ್ತಿದ್ದವಳು ಆಕೆಯೇ. ಗಾಳಿಗೆ ಬಟ್ಟೆ ಹಾರಿ ಎರಡು ದಿನ ಗಿಡ ತೆರೆದೇ ಇತ್ತು. ಪರದೆಯ ಬಾಗಿಲಲ್ಲಿ ನುಸುಳಿದ ಜೇನುಹುಳ ಹೂವಿಂದ ಹೂವಿಗೆ ಕೂತದ್ದನ್ನು ಆಕೆ ಕಣ್ಣಾರೆ ನೋಡಿದ್ದಳು. ಮುಂದಿನ ವರ್ಷ ಎಲ್ಲ ಕಾಯಿಗೂ ಬಾಲ ಬಂದಾಗ ದೇವರು ಕಣ್ಣು ಬಿಟ್ಟ ಎಂದುಕೊಂಡಿದ್ದಳು.

ಫೋನಿನಲ್ಲಿ ಕುತುಬುದ್ದೀನ್ ಕೆಮ್ಮಿದ್ದು ಕೇಳಿಸಿತು. "ನಂದಲ್ಲ ಅಲ್ಲೇನ್ರಿ?" ಎಂದರು, ಸಣ್ಣಗೆ.

"ನಿಮ್ದಲ್ಲ ಸಾಬ್ರೆ. ನಾನೇ ಬಾಯಿಗೆ ಬಂದಂಗೆ ಅಂದೆ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ." ಮೇಷ್ಟ್ರು ಫೋನು ಇಟ್ಟರು.

"ಈ ಹನ್ನೊಂದು ಇವತ್ತೇ ಕಿತ್ತುಬಿಟ್ರೆ ಸೋಮವಾರ ಯಾರಿಗೂ ಗೊತ್ತಾಗಲ್ಲ," ಎಂದರು. ಆಕೆಗೆ ಹೇಳಿದರೋ, ತಮಗೇ ಹೇಳಿಕೊಂಡರೋ.

"ಉಳಿದಿದ್ರ ಹೊಟ್ಟೆಯಾಗೂ ಐತಲ್ರಿ ಅದು," ಎಂದಳು ರಂಗವ್ವ.

ಇದೆಯೆಂದು ಮೇಷ್ಟ್ರಿಗೂ ಗೊತ್ತಿತ್ತು. ಅಧಿಕಾರಿಗೆ ಫೋನು ಮಾಡಿ, ಈ ವರ್ಷ ಬರುವುದು ಬೇಡ ಎಂದರು. ಬೆರಕೆಗೆ ಮುಂಚಿನ ನಾಲ್ಕನೇ ಬೆಳೆಯ ಬೀಜ ಬಾಟಲಿಯಲ್ಲಿತ್ತು. ಅಲ್ಲಿಂದ ಮತ್ತೆ ಶುರು ಮಾಡಬೇಕು, ಮತ್ತೆ ಮೂರು ವರ್ಷ. ಮೇಷ್ಟ್ರಿಗೆ ಆಗಲೇ ಅರವತ್ತೇಳು.

"ನನ್ನ ಕಣ್ಣು ಅಲ್ಲೀಗಂಟ ಬರ್ತಾವೋ ಇಲ್ವೋ," ಎಂದಳು ರಂಗವ್ವ. "ಬ್ಯಾರೆ ಯಾರನ್ನಾದ್ರೂ ಇಟ್ಕಳ್ರಿ."

ಮೇಷ್ಟ್ರು ಬದುವಿನಿಂದ ಎದ್ದರು. ತೊಂಬತ್ತು ಗಿಡವನ್ನೂ ಕೀಳಬೇಕಿತ್ತು. ಇಬ್ಬರೂ ಒಂದೊಂದು ಸಾಲು ಹಿಡಿದರು. ಮಧ್ಯಾಹ್ನದ ಹೊತ್ತಿಗೆ ನಲ್ಲಿಯ ಹತ್ತಿರದ ಸಾಲಿಗೆ ಬಂದಾಗ, ಕಾಯಿಭಾರಕ್ಕೆ ನೆಲಕ್ಕೆ ಬಾಗಿದ್ದ ಒಂದು ಗಿಡದ ಬುಡದಲ್ಲಿ ರಂಗವ್ವನ ಕೈ ಮತ್ತೆ ನಿಂತಿತು.

ಮೇಷ್ಟ್ರು ಅದನ್ನು ನೋಡಿದರು. ಅವರಿಗೆ ಸಿಟ್ಟು ಮಾಡಲೂ ತ್ರಾಣ ಉಳಿದಿರಲಿಲ್ಲ.

"ಕೂಸು ಹುಟ್ಟಿ ಆತಲ್ಲ ರಂಗವ್ವ," ಎಂದರು. "ಈಗ ಕೀಳು."

ಕಿತ್ತಳು. ಸಂಜೆ ಹೊರಡುವಾಗ ಮೇಷ್ಟ್ರು ಸ್ಕೂಟರಿನ ಹತ್ತಿರ ನಿಂತು, "ಜೂನ್‌ನಾಗೆ ಸಸಿ ಮಾಡಬೇಕು. ಕನ್ನಡಕ ಮಾಡಿಸ್ಕೊಂಡು ಬಾ" ಎಂದಷ್ಟೇ ಹೇಳಿ ದಾವಣಗೆರೆ ಕಡೆ ಹೋದರು. ರಂಗವ್ವ ಅಲ್ಲೇ ನಿಂತು ಅತ್ತಳು, ಕಣ್ಣು ಒರೆಸಿಕೊಳ್ಳಲು ಕೈ ಎತ್ತಿ, ಬೆರಳಿನ ಖಾರ ನೆನಪಾಗಿ ಕೆಳಗಿಳಿಸಿದಳು.

ಓಣಿಯ ತಿರುವಿನಲ್ಲೇ ಆಕೆಯನ್ನು ಕಂಡ ಮೊಮ್ಮಗಳು ಎರಡೂ ಕೈ ಚಾಚಿ ಓಡಿ ಬಂದಳು. ರಂಗವ್ವ ತನ್ನ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ನೋಯುವ ಸೊಂಟವನ್ನು ಬಾಗಿಸಿ, ಹಣೆಯನ್ನು ಮಗುವಿನ ಹಣೆಗೆ ತಾಗಿಸಿದಳು.

"ಇವತ್ತು ಮುಟ್ಟಬ್ಯಾಡ ಕೂಸೆ," ಎಂದಳು. "ನಾಳೆ ಎತ್ಕಂತೀನಿ."