ಕೆಟ್ಟು ನಿಂತ ಮೋಟಾರಿನ ಸುತ್ತ

ಎರಡು ಹರದಾರಿ ದೂರದಲ್ಲಿ ಒಬ್ಬ ತಾಯಿ ಮಗನ ದಾರಿ ಕಾಯುತ್ತ ಪ್ರಾಣ ಹಿಡಿದುಕೊಂಡಿದ್ದಳು. ಮಗ ಬೇವಿನ ಮರದ ಕೆಳಗೆ ಕೂತು ಮೋಟಾರ್ ರಿಪೇರಿ ನೋಡುತ್ತಿದ್ದ.

ಪಕ್ಕದಲ್ಲಿ ನಾನೂ ಕೂತಿದ್ದೆ.

ಹೋದ ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಶಹಾಬಜಾರದಲ್ಲಿ ನಾಲ್ಕಾರು ಮಂದಿ ತಡೆದು ಕೇಳಿದಿರಿ. ಕಾರಣ ಇದೇ. ಈಗ ಮೊದಲಿನಿಂದ ಹೇಳುತ್ತೇನೆ.

ಮಗ ಎಂದರೆ ನನ್ನ ಅಕ್ಕನ ಗಂಡ, ಶರಣಪ್ಪ ಭಾವ. ಮನೆ ಕಲಬುರಗಿಯ ಗಾಜಿಪುರದಲ್ಲಿ, ಬಟ್ಟೆ ಅಂಗಡಿ ಶಹಾಬಜಾರದಲ್ಲಿ. ಹುಟ್ಟೂರು ಕಮಲಾಪುರ. ತಮ್ಮ ಬಸಣ್ಣ ಅಲ್ಲಿಯೇ ಬಾಳೆತೋಟ ನೋಡಿಕೊಂಡು ತಾಯಿ ನೀಲಮ್ಮನ ಜೊತೆ ಇದ್ದಾನೆ. ನೀಲಮ್ಮ ಮಳೆಗಾಲ ಮುಗಿದಾಗಿನಿಂದ ಹಾಸಿಗೆ ಹಿಡಿದಿದ್ದಳು. ಅಂದು ಬೆಳಿಗ್ಗೆ ಕಮಲಾಪುರದಿಂದ ಬಂದ ಬಾಡಿಗೆಗೆ ಮಂದಿಯನ್ನು ಒಯ್ಯುವ ಸರ್ವಿಸ್ ಮೋಟಾರಿನ ಡ್ರೈವರ್ ನೇರವಾಗಿ ಅಂಗಡಿಗೇ ಬಂದು ಹೇಳಿದ: ಅಮ್ಮಾಗೆ ಭಾಳ ಆಗಿದೆ, ಬಸಣ್ಣ ಕೂಡಲೇ ಬರಹೇಳಿದ್ದಾನೆ.

ಸುದ್ದಿ ಬೇಗ ಮುಟ್ಟಿತು. ಇದನ್ನು ಒಪ್ಪಿಕೊಳ್ಳಬೇಕು. ಮೋಟಾರ್ ಇಲ್ಲದ ಕಾಲದಲ್ಲಿ ಒಬ್ಬ ಆಳು ನಸುಕಿನಲ್ಲಿ ಹೊರಟು ನಡೆದು ಬರಬೇಕಿತ್ತು, ಅವನು ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. (ನಾನು ಮೋಟಾರ್ ಕಂಡರೆ ಶಾಪ ಹಾಕುವವನಲ್ಲ. ಅದರ ಮೆತ್ತನೆ ಸೀಟಿನ ಮೇಲೆ ನನಗೂ ಪ್ರೀತಿಯಿದೆ.)

ಅಕ್ಕ ಬಾಣಂತಿ, ಬರುವ ಹಾಗಿರಲಿಲ್ಲ. ನಾವು ಮನೆಗೆ ಹೋಗಿ ಸುದ್ದಿ ತಿಳಿಸಿದಾಗ ಕೋಣೆಯ ಬಾಗಿಲ ಸಂದಿಯಿಂದಲೇ ಹೇಳಿದಳು, ಪಕ್ಕದ ಮನೆಯವರ ಎತ್ತು ಚೆನ್ನಾಗಿವೆ, ಬಂಡಿ ಕೇಳಿ ಈಗಲೇ ಹೊರಡಿರಿ ಎಂದು. ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಮೋಟಾರ್ ಮಧ್ಯಾಹ್ನ ತಿರುಗಿ ಕಮಲಾಪುರಕ್ಕೆ ಹೋಗುತ್ತದೆ, ಬಂಡಿಗಿಂತ ಎಷ್ಟೋ ಮೊದಲು ಮುಟ್ಟಿಸುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ನಾನೂ ತಲೆಯಾಡಿಸಿದೆ. ಮಧ್ಯಾಹ್ನದವರೆಗೆ ಇಬ್ಬರೂ ಅಂಗಡಿಯ ಗಾದಿಯ ಮೇಲೆ ಕೂತೆವು. ಗಿರಾಕಿಗಳು ಬಂದರು, ಭಾವ ಸೀರೆ ಬಿಚ್ಚಿ ತೋರಿಸಿದರು.

ಮೋಟಾರ್ ಹೊರಟಿತು. ಧೂಳು, ಹಾರ್ನ್, ಹೊಲದಲ್ಲಿ ನಿಂತು ನೋಡುವ ಮಂದಿ. ಮಹಾಗಾಂವ ದಾಟಿತು. ದಾಟಿ ಸ್ವಲ್ಪ ಹೊತ್ತಿಗೆ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಡ್ರೈವರ್ ಇಳಿದು ಮುಚ್ಚಳ ಎತ್ತಿದ. “ಏನ್ ಇಲ್ರೀ ಸಾಹೇಬ್, ಎಂಜಿನ್ನಿಂದು ಒಂದ್ ಪುರ್ಜಾ ಗರಂ ಆಗ್ಯಾದ. ಅಭೀ ಹೋಗೂಣು” ಎಂದ.

ಅಭೀ, ಅಂದರೆ ಈಗಿಂದೀಗ! ಇಡೀ ಹೈದರಾಬಾದ್ ರಾಜ್ಯ ನಡೆಯುವುದೇ ಈ ಶಬ್ದದ ಮೇಲೆ.

ನಾವೆಲ್ಲ ಇಳಿದೆವು. ತಾಲ್ಲೂಕು ಕಚೇರಿಯ ಒಬ್ಬ ಗುಮಾಸ್ತ, ಮಗಳ ಮನೆಗೆ ಹೊರಟಿದ್ದ ಮುದುಕ ದಂಪತಿ, ಇಬ್ಬರು ಎಣ್ಣೆ ವ್ಯಾಪಾರಿಗಳು. ಒಬ್ಬರಿಗೂ ಎಂಜಿನ್ ಎಂದರೆ ಏನೆಂದು ತಿಳಿಯದು. ಆದರೂ ಎಲ್ಲರೂ ಬಗ್ಗಿ ನೋಡಿದರು. ನೀರು ಸುರಿ ಎಂದರೊಬ್ಬರು. ಗಾಳಿ ತಾಗಲಿ ಎಂದರೊಬ್ಬರು. ಗುಮಾಸ್ತರಂತೂ ಹೈದರಾಬಾದಿನಲ್ಲಿ ಇಂಥದೇ ಮೋಟಾರನ್ನು ಹೇಗೆ ಸರಿಮಾಡಿದರು ಎಂದು ಉರ್ದುವಿನಲ್ಲಿ ಸವಿಸ್ತಾರವಾಗಿ ವಿವರಿಸಿದರು. ಡ್ರೈವರ್ ಎಲ್ಲರ ಮಾತಿಗೂ ಹೂಂಗುಟ್ಟುತ್ತ, ಬಿಚ್ಚಿದ್ದನ್ನು ಕಟ್ಟುತ್ತ, ಕಟ್ಟಿದ್ದನ್ನು ಬಿಚ್ಚುತ್ತ ಇದ್ದ.

ಬಿಸಿಲು ಇಳಿಯತೊಡಗಿತು. ಕಲಬುರಗಿ ಪೇಟೆಗೆ ಬಾಳೆಹಣ್ಣು ಹಾಕಿ ಖಾಲಿ ಬಂಡಿಯಲ್ಲಿ ಊರಿಗೆ ಮರಳುತ್ತಿದ್ದ ಕಮಲಾಪುರದ ರೈತನೊಬ್ಬ ಭಾವನ ಗುರುತು ಹಿಡಿದು ಎತ್ತು ನಿಲ್ಲಿಸಿದ.

“ಬರ್ರಿ ಸಾವ್ಕಾರ್ರ, ಕುಂಡ್ರ್ರಿ. ದೀಪ ಹಚ್ಚೂದ್ರಾಗ ಮುಟ್ಟಸ್ತೀನಿ” ಎಂದ.

ಭಾವ ಡ್ರೈವರನ ಮುಖ ನೋಡಿದರು. ಡ್ರೈವರ್ ತಲೆ ಎತ್ತದೆ, ಆಗೇಹೋಯಿತು ಎಂದ. ಭಾವ ನನ್ನ ಮುಖ ನೋಡಿದರು. ಎತ್ತಿನ ಬಂಡಿ ಎಷ್ಟು ಓಡೀತು ಎಂದೆ ನಾನು. ರೈತ ಒಂದು ಗಳಿಗೆ ಕಾದು ನೋಡಿ ಎತ್ತು ಹೊಡೆದ.

ಇನ್ನಷ್ಟು ಹೊತ್ತು ಹೋಯಿತು. ಭಾವ ಎದ್ದರು. ಮೇಲಂಗಿ ಹೆಗಲಿಗೆ ಹಾಕಿಕೊಂಡು ರಸ್ತೆಗಿಳಿದು ಕಮಲಾಪುರದ ಕಡೆ ನಡೆಯತೊಡಗಿದರು. ಐವತ್ತರ ಹತ್ತಿರದ ಮನುಷ್ಯ, ಗಟ್ಟಿ ಕಾಲು. ನಾನು ಕೂಗಿ ಕರೆದೆ.

“ಭಾವಾ, ನೀವು ಹಿಂಗ ನಡಕೋತ ಹೋದ್ರ, ಮೋಟಾರ್ ಸುರು ಆದ್ರ ಏನ್ ಮಾಡ್ತೀರಿ?”

ಅವರು ನಿಂತರು. ವಿಚಾರ ಮಾಡಿದರು. ಹೌದಲ್ಲ ಎನ್ನುವಂತೆ ಮರಳಿ ಬಂದು ಬೇವಿನ ಮರದ ಕೆಳಗೆ ಕೂತರು. ಅಲ್ಲಿದ್ದವರೆಲ್ಲ ತಲೆದೂಗಿದರು. ಗುಮಾಸ್ತರು ನನ್ನನ್ನು ಶಹಾಣ್ಯಾ, ಭಾರಿ ಜಾಣ ಎಂದು ಹೊಗಳಿದರು.

ನೀವು ಓದುತ್ತಿದ್ದೀರಿ. ನಾನು ಹೇಳಿದ ಮಾತಿನಲ್ಲಿ ಏನು ತಪ್ಪಿದೆ ಎಂದು ನಿಮಗೆ ಆಗಲೇ ಹೊಳೆದಿರಬೇಕು. ನಮಗೆ ಹೊಳೆಯಲಿಲ್ಲ. ಕಚೇರಿಯ ಗುಮಾಸ್ತ, ಬರೆದು ಹೊಟ್ಟೆ ಹೊರೆಯುವ ನಾನು, ಅಂಗಡಿ ನಡೆಸುವ ಭಾವ, ಊರೂರು ತಿರುಗುವ ವ್ಯಾಪಾರಿಗಳು. ಇಷ್ಟು ತಲೆಗಳಿದ್ದವು ಆ ಮರದ ಕೆಳಗೆ.

ಹೊತ್ತು ಮುಳುಗಿದ ಮೇಲೆ ಎಂಜಿನ್ ಗುಡುಗಿತು. ಎಲ್ಲರೂ ಸಂತೋಷದಿಂದ ಹತ್ತಿ ಕೂತೆವು. ಕಮಲಾಪುರ ಮುಟ್ಟಿದಾಗ ಮನೆಗಳಲ್ಲಿ ದೀಪ ಹತ್ತಿದ್ದವು. ಬಾಳೆಹಣ್ಣಿನ ಬಂಡಿಯ ಎತ್ತುಗಳು ಊರ ಅಗಸಿಯ ಬಾಗಿಲ ಹತ್ತಿರ ಆಗಲೇ ಹುಲ್ಲು ಮೇಯುತ್ತಿದ್ದವು.

ತೀರಿಕೊಂಡವರನ್ನು ಕೂರಿಸುವ ಹಾಗೆ ನೀಲಮ್ಮನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ.

ಭಾವ ಹೊಸ್ತಿಲು ದಾಟಿ ತಾಯಿಯ ಕಾಲು ಹಿಡಿದರು. ಬಸಣ್ಣ ಅಣ್ಣನನ್ನು ಹಿಡಿದುಕೊಂಡ. ಬೈಯಲಿಲ್ಲ. ಮಧ್ಯಾಹ್ನದಿಂದ ಅವ್ವ ಏನೇನು ಕೇಳಿದಳು ಎಂದಷ್ಟೇ ಹೇಳಿದ. ಶರಣ್ಯಾ ಬಂದನೇನು ಎಂದು ಕೇಳುತ್ತಿದ್ದಳಂತೆ. ಮೋಟಾರಿನ ಟೈಮ್ ಆಗ್ಯಾದ, ಬಂದೇ ಬಿಟ್ಟ ಎಂದು ಇವನು ಹೇಳುತ್ತಿದ್ದನಂತೆ. ಹಾರ್ನ್ ಕೇಳಿಸಲಿ ಎಂದು ಕಿಟಕಿ ತೆರೆದಿಟ್ಟಿದ್ದರಂತೆ. ನಾವು ಊರು ಮುಟ್ಟುವ ಸ್ವಲ್ಪ ಮೊದಲು ಉಸಿರು ನಿಂತಿತ್ತು. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ಮೂಲೆಯಲ್ಲಿ ಓಣಿಯ ಮುದುಕಿಯೊಬ್ಬಳು ಅಳುತ್ತ ನೀಲಮ್ಮನ ಗುಣ ಎಣಿಸುತ್ತಿದ್ದಳು. ಶರಣ್ಯಾ ಸಣ್ಣವನಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದನಂತೆ. ಮನೆಯಲ್ಲಿ ಗಂಡಸರಿರಲಿಲ್ಲ, ಬಂಡಿ ಇರಲಿಲ್ಲ. ನೀಲಮ್ಮ ಅವನನ್ನು ಬಗಲಲ್ಲಿ ಕಟ್ಟಿಕೊಂಡು ಮಹಾಗಾಂವದ ಹಕೀಮನ ಮನೆಯವರೆಗೆ ನಡೆದಳಂತೆ. ಅದೇ ಹಾದಿ. ಎದುರು ದಿಕ್ಕು, ಅಷ್ಟೇ. ಅವಳನ್ನು ಯಾರಾದರೂ ತಡೆದು, ತಂಗೀ, ಹಿಂದಿನಿಂದ ಬಂಡಿ ಬಂದರೆ ಏನು ಮಾಡುತ್ತೀ ಎಂದು ಕೇಳಿದ್ದರೆ? ಬಂದರೆ ಹತ್ತುತ್ತೇನೆ ಎನ್ನುತ್ತಿದ್ದಳು. ಅಕ್ಷರ ಬಾರದ ಹೆಂಗಸು.

ಮಣ್ಣು ಮಾಡಿ ಬಂದ ಮರುದಿನ ಭಾವ ತೋಟದ ಬದುವಿನ ಮೇಲೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ನನ್ನ ಕಡೆ ನೋಡದೆಯೇ ಅಂದರು:

“ಅಲ್ಲೋ, ಇರೂದು ಒಂದೇ ಹಾದಿ. ನಾ ನಡಕೋತ ಹೊಂಟಿದ್ರ, ಮೋಟಾರ್ ಸುರು ಆಗಿದ್ರೂ ಹಿಂದಿಂದ ಬಂದು ನನ್ನ ಹತ್ತಿಸ್ಕೊಂಡೇ ಹೋಗ್ತಿತ್ತಲ್ಲ.”

ನನ್ನ ಉತ್ತರಕ್ಕೆ ಕಾಯದೆ ಎದ್ದು ಬಾಳೆಗಳ ನಡುವೆ ಹೋದರು. ಅಂದಿನಿಂದ ನನ್ನೊಂದಿಗೆ ಅಗತ್ಯವಿದ್ದಷ್ಟೇ ಮಾತು.

ಯಂತ್ರ ಬಂದರೆ ಮೈ ಸೋಮಾರಿಯಾಗುತ್ತದೆ ಎಂದು ಹಿರಿಯರು ಗೊಣಗುತ್ತಾರೆ. ಮೈಯದೇನು, ನಾಲ್ಕು ದಿನ ದುಡಿಸಿದರೆ ಮತ್ತೆ ಹುರಿಗೊಳ್ಳುತ್ತದೆ. ನಮ್ಮ ಕಾಲು ಅಂದು ಗಟ್ಟಿಯಾಗಿಯೇ ಇದ್ದವು. ಕಾಲಿವೆ ಎಂಬುದು ತಲೆಗೆ ಬರಲಿಲ್ಲ. ಟಿಕೆಟ್ ಕೊಂಡ ಕ್ಷಣ ಊರು ಮುಟ್ಟುವ ಚಿಂತೆಯನ್ನು ಡ್ರೈವರನಿಗೆ ಒಪ್ಪಿಸಿದೆವು, ಅದರ ಜೊತೆ ಬುದ್ಧಿಯನ್ನೂ ಒಪ್ಪಿಸಿಬಿಟ್ಟೆವು. ಅವನು ಪಾಪ, ಅದನ್ನು ಇಟ್ಟುಕೊಂಡು ಏನು ಮಾಡಬೇಕು?

ಈಗ ಗಾಜಿಪುರದ ಮನೆಗೆ ದಿನಾಲೂ ಮಂದಿ ಮಾತನಾಡಿಸಲು ಬರುತ್ತಿದ್ದಾರೆ. ವಕೀಲರು, ಮಾಸ್ತರರು, ವ್ಯಾಪಾರಿಗಳು, ಎಲ್ಲ ತಿಳಿದವರೇ. ಭಾವ ಗೋಡೆಗೆ ಒರಗಿ ಕೂತಿರುತ್ತಾರೆ. ಬಂದವರು ಮರುಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಚಹಾ ಕುಡಿಯುತ್ತಾರೆ, ಆಮೇಲೆ ಮುಂದೆ ಸರಿದು ಮೋಟಾರಿಗೆ ಏನಾಗಿತ್ತು ಎಂದು ಕೇಳುತ್ತಾರೆ.

ನಿಮಗೆ ಏನಾಗಿತ್ತು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.