ಸೈಲೋ ರಸ್ತೆಯ ಕೊನೆಯ ಪದ

ಬ್ರೋಡಿ ನೊಸ್ಕಿ ಒಂದೇ ಒಂದು ಮತ ಬೀಳದೆ ಚುನಾವಣೆ ಗೆದ್ದವನು. ವಾರಂಡಿ ಊರಿನ ಪೂರ್ವ ವಾರ್ಡಿಗೆ ನಾಮಪತ್ರ ಹಾಕಿದವನು ಅವನೊಬ್ಬನೇ. ಅದೂ ಊರನ್ನು ಉದ್ಧಾರ ಮಾಡುವ ಹಂಬಲದಿಂದಲ್ಲ. ಅವನು ಕೆಲಸಕ್ಕಿದ್ದ ಹಾರ್ಡ್‌ವೇರ್ ಅಂಗಡಿಯ ಒಡತಿ ಜನೆಟ್ ಒಂದು ದಿನ ಅರ್ಜಿಯನ್ನು ಅವನ ಮುಂದೆ ಹಾಕಿ, "ಅಂಗಡಿ ಮುಂದಿನ ಗುಂಡಿ ಮುಚ್ಚಿಸೋಕೆ ಕೌನ್ಸಿಲ್‌ನಲ್ಲಿ ನಮ್ಮವನೊಬ್ಬ ಇರ್ಬೇಕು ಕಣೋ. ನೀನೇ ಹೋಗು. ಹೆಂಗೂ ಮಧ್ಯಾಹ್ನ ಇಲ್ಲಿ ತೂಕಡಿಸ್ತಾ ಇರ್ತೀಯ, ಅಲ್ಲಾದ್ರೆ ಕುರ್ಚಿ ಮೆತ್ತಗಿರುತ್ತೆ" ಎಂದಿದ್ದಳು. ಕಡೆಯ ದಿನದವರೆಗೂ ಬೇರೆ ಯಾರೂ ಬರಲಿಲ್ಲ. ಹೀಗೆ ಇಪ್ಪತ್ತೇಳನೇ ವಯಸ್ಸಿಗೆ ಬ್ರೋಡಿ ಕೌನ್ಸಿಲರ್ ಆದ. "ಜನ ನನ್ನ ಆರಿಸ್ಲಿಲ್ಲ, ತಡೀಲಿಲ್ಲ, ಅಷ್ಟೆ" ಎಂದು ಎಲ್ಲರಿಗಿಂತ ಮೊದಲು ತಾನೇ ಹೇಳಿ ನಗುತ್ತಿದ್ದ. ಆ ಅವಕಾಶವನ್ನು ಬೇರೆಯವರಿಗೆ ಬಿಟ್ಟುಕೊಡದಿರುವುದೇ ಅವನ ಮೊದಲ ರಾಜಕೀಯ ತಂತ್ರವಾಗಿತ್ತು.

ಅಂಗಡಿ ಮುಂದಿನ ಗುಂಡಿ ಮೊದಲ ತಿಂಗಳಲ್ಲೇ ಮುಚ್ಚಿತು. ಅಲ್ಲಿಗೆ ಕೆಲಸ ಮುಗಿಯಿತೆಂದು ಬ್ರೋಡಿ ಅಂದುಕೊಂಡಿದ್ದ. ಆದರೆ ಊರಿನವರು ಆ ಗುಂಡಿ ಮುಚ್ಚಿದ್ದನ್ನು ನೋಡಿಬಿಟ್ಟಿದ್ದರು. ಮಾರನೆಯ ದಿನದಿಂದ ಮೊಳೆ ಕೊಳ್ಳಲು ಬಂದವರೆಲ್ಲ ಮೊಳೆಯ ಜೊತೆಗೆ ಒಂದು ದೂರು ಬಿಟ್ಟು ಹೋಗತೊಡಗಿದರು. ಆಟದ ಮೈದಾನದ ನಲ್ಲಿ ಸೋರುತ್ತದೆ, ಸ್ಮಶಾನದ ಗೇಟು ಕಿರ್‌ಗುಟ್ಟುತ್ತದೆ, ಗ್ರಂಥಾಲಯದ ಮುಂದಿನ ಮರದಲ್ಲಿ ಬಿಳಿ ಗಿಣಿಗಳ ಕಾಟ. ಬರೆದುಕೊಳ್ಳಲು ಕೈಗೆ ಸಿಕ್ಕಿದ್ದು ಬಣ್ಣದ ಡಬ್ಬಗಳ ಪಕ್ಕದಲ್ಲಿ ಜೋಡಿಸಿಟ್ಟಿದ್ದ ಬಣ್ಣದ ಚೀಟಿಗಳು, ಗೋಡೆಗೆ ಯಾವ ಬಣ್ಣ ಹೊಂದುತ್ತದೆಂದು ಗಿರಾಕಿಗಳು ಮನೆಗೊಯ್ದು ನೋಡುವಂಥವು. ಅವುಗಳ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆಯುತ್ತ ಹೋದ. ಕಾಯಬಹುದಾದ ದೂರಿಗೆ ತಿಳಿ ಬಣ್ಣ, ಕಾಯಲಾಗದ್ದಕ್ಕೆ ಕಡು ಬಣ್ಣ. ಗಿಣಿಗಳು ತಿಳಿ ಹಸಿರಿನಲ್ಲಿ ಇವತ್ತಿಗೂ ಕೂತಿವೆ.

ಕಡು ಕೆಂಪು ಚೀಟಿಯಲ್ಲಿ ಹೆಸರು ಬರೆಸಿದವಳು ನೆರಿಡಾ.

ನೆರಿಡಾ ಅಂಚೆ ಕಚೇರಿಯ ಕೌಂಟರಿನವಳು. ಶಾಲೆಯಲ್ಲಿ ಬ್ರೋಡಿಗಿಂತ ಎರಡು ತರಗತಿ ಮುಂದಿದ್ದಳು. ಆಗಿನಿಂದಲೂ ಗಾಲಿಕುರ್ಚಿ, ಆಗಿನಿಂದಲೂ ಅದೇ ನಾಲಿಗೆ. ಅವಳ ಮನೆ ಸೈಲೋ ರಸ್ತೆಯ ಆ ತುದಿಯಲ್ಲಿ, ಸೈಲೋ ಎಂಬ ಗೋಧಿಯ ಎತ್ತರದ ಕಣಜಗಳ ಬುಡದಲ್ಲಿ. ಅಂಚೆ ಕಚೇರಿ ಈ ತುದಿಯಲ್ಲಿ. ನಡುವೆ ನೂರೆಂಬತ್ತು ಮೀಟರ್. ಅಂಚಿನಲ್ಲಿ ಬರೀ ಜಲ್ಲಿ, ಗಾಲಿ ಹೂತುಹೋಗುತ್ತದೆ. ಹಾಗಾಗಿ ಕುರ್ಚಿಗೆ ಕಿತ್ತಳೆ ಬಣ್ಣದ ಬಾವುಟವೊಂದನ್ನು ಸಿಕ್ಕಿಸಿಕೊಂಡು ಡಾಂಬರಿನ ಮೇಲೆಯೇ ಬರುತ್ತಾಳೆ. ವರ್ಷದ ಹತ್ತೂವರೆ ತಿಂಗಳು ತೊಂದರೆಯಿಲ್ಲ. ಕೊಯ್ಲು ಶುರುವಾದರೆ ಮಾತ್ರ ಗೋಧಿ ಲಾರಿಗಳು ಆ ರಸ್ತೆಯುದ್ದಕ್ಕೂ ಸಾಲುಗಟ್ಟುತ್ತವೆ. ಹಿಂದಿನ ವರ್ಷ ಒಂದು ಲಾರಿಯ ಕನ್ನಡಿ ಅವಳ ಬಾವುಟವನ್ನು ಕಿತ್ತುಕೊಂಡು ಹೋಗಿತ್ತು. ಬಾವುಟದಿಂದ ತಲೆಗೆ ಎರಡು ಗೇಣು.

"ಆಮೇಲೆ ಆರು ವಾರ ನಮ್ಮಣ್ಣ ನನ್ನನ್ನ ಕಾರಲ್ಲಿ ಎತ್ತಿಹಾಕ್ಕೊಂಡು ಬಂದು ಇಳಿಸ್ತಿದ್ದ" ಎಂದಳು ನೆರಿಡಾ, ಕೌಂಟರಿನ ಮೇಲೆ ಮೊಣಕೈಯೂರಿ. "ನಾನು ಪಾರ್ಸಲ್ ಹಂಚೋಳು ಕಣೋ, ಪಾರ್ಸಲ್ ಆಗೋಳಲ್ಲ. ಈ ಸಲ ಅವನೂ ಕೊಯ್ಲು ಯಂತ್ರ ಓಡಿಸೋಕೆ ಹೋಗ್ತಾನೆ. ಫುಟ್‌ಪಾತ್ ಇಲ್ಲ ಅಂದ್ರೆ ನಾನು ಆರು ವಾರ ಮನೇಲಿ. ನನ್ನ ಕೌಂಟರಲ್ಲಿ ಬೇರೆ ಯಾರೋ. ವಾಪಸ್ ಹೋದಾಗ ಸ್ಟಾಂಪ್ ಎಲ್ಲಿದೆ ಅಂತ ನಾನೇ ಅವರನ್ನ ಕೇಳ್ಬೇಕು."

"ನಾನು ಮಾಡಿಸ್ತೀನಿ" ಎಂದ ಬ್ರೋಡಿ.

"ನೀನಾ?"

"ಗುಂಡಿ ಮುಚ್ಚಿಸ್ಲಿಲ್ವಾ?"

"ಗುಂಡಿ ಬೇರೆ. ಗುಂಡಿಗೆ ನಿನ್ ಕಾಲೇ ಮೊದಲು ಸಿಕ್ಕಿಹಾಕ್ಕೊಂಡಿತ್ತು, ಅದಕ್ಕೆ ಮುಚ್ಚಿಸ್ದೆ."

ಅವಮಾನವಾದಾಗ ಬ್ರೋಡಿಗೆ ಕೆಲಸದ ಹುಮ್ಮಸ್ಸು ಬರುತ್ತದೆ. ಹಳೆಯ ಸಭೆಗಳ ನಡಾವಳಿ ಪುಸ್ತಕ ತೆಗೆದು, ಗೊತ್ತುವಳಿಗಳನ್ನು ಹೇಗೆ ಬರೆಯುತ್ತಾರೆಂದು ರಾತ್ರಿ ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಓದಿದ. ಎಲ್ಲಿ ನೋಡಿದರೂ ಒಂದೇ ಪದ ಗಂಭೀರವಾಗಿ ಕಾಣುತ್ತಿತ್ತು. ಜೂನ್ ತಿಂಗಳ ಸಭೆಗೆ ಅದೇ ಪದ ಹಾಕಿ ಬರೆದ: ಸೈಲೋ ರಸ್ತೆಗೆ ಫುಟ್‌ಪಾತ್ ಅಗತ್ಯವಿರುವುದನ್ನು ಈ ಸಭೆಯು ಗಮನಿಸುತ್ತದೆ.

ಕೌನ್ಸಿಲ್ ಸಭೆ ತಿಂಗಳ ಮೂರನೇ ಮಂಗಳವಾರ ಮಧ್ಯಾಹ್ನ ಎರಡಕ್ಕೆ. ಬ್ರೋಡಿ ಅಂಗಡಿಯ ಹಸಿರು ಏಪ್ರನ್ ಬಿಚ್ಚುವುದನ್ನು ಮರೆತು ಓಡಿದ್ದ. ಎದ್ದು ನಿಂತು ಓದಿದ. ಲಿಂಡ್ಸೆ ಷೇಫರ್ ಎಂಬ ಹಿರಿಯ ಸದಸ್ಯ, ನಾಲ್ಕು ಸಾವಿರ ಎಕರೆಯ ಗೋಧಿ ಬೆಳೆಗಾರ, ಯಾವ ಖರ್ಚಿಗೂ ಕೈಯೆತ್ತದವನೆಂದು ಹೆಸರಾದವನು, "ಚೆನ್ನಾಗಿ ಬರ್ದಿದ್ದೀಯ ಮರಿ" ಎಂದು ತಾನೇ ಅನುಮೋದಿಸಿದ. ಒಂಬತ್ತಕ್ಕೆ ಒಂಬತ್ತು ಕೈಗಳೂ ಮೇಲೆದ್ದವು. ಮೇಯರ್ ಗ್ಲೆನಿಸ್ ಮುಗುಳ್ನಕ್ಕಳು.

ಬ್ರೋಡಿ ಅಂಗಡಿಗೆ ವಾಪಸ್ಸು ನಡೆದು ಬರಲಿಲ್ಲ, ತೇಲಿ ಬಂದ. ಅಂಚೆ ಕಚೇರಿಗೆ ಒಂದು ತಟ್ಟೆ ತುಂಬ ಕೊಬ್ಬರಿ ಮೆತ್ತಿದ ಚಾಕೊಲೇಟ್ ಕೇಕ್ ಕೊಂಡೊಯ್ದ. "ಒಂಬತ್ತಕ್ಕೊಂಬತ್ತು!" ಎಂದ. ನೆರಿಡಾ ಎರಡು ತುಂಡು ತಿಂದು, ಅಪರೂಪಕ್ಕೆ, ಏನೂ ಚುಚ್ಚಿ ಮಾತಾಡಲಿಲ್ಲ. ಅಣ್ಣನಿಗೆ ಫೋನು ಮಾಡಿ, ಕೊಯ್ಲಿನಲ್ಲಿ ತನ್ನ ಚಿಂತೆ ಬೇಡವೆಂದೂ ಹೇಳಿಬಿಟ್ಟಳು. ಆ ವಾರಾಂತ್ಯ ಫುಟ್ಬಾಲ್ ಕ್ಲಬ್ಬಿನಲ್ಲಿ ನಾಲ್ಕು ಜನ ಬ್ರೋಡಿಯ ಬೆನ್ನು ತಟ್ಟಿದರು. ಒಬ್ಬನಂತೂ ಮುಂದಿನ ಮೇಯರ್ ಎಂದ. ಬ್ರೋಡಿ ಅದನ್ನು ತಮಾಷೆಯೆಂದು ನಕ್ಕುಬಿಟ್ಟ. ಆದರೆ ಆ ಸೋಮವಾರ ಕ್ಷೌರದ ಅಂಗಡಿಯಲ್ಲಿ ಕೂದಲನ್ನು ಎಡಕ್ಕೆ ಬಾಚಲು ಹೇಳಿದ.

ಜುಲೈ ಕಳೆಯಿತು. ಆಗಸ್ಟ್ ಮುಗಿಯುತ್ತ ಬಂತು. ಸೈಲೋ ರಸ್ತೆಯಲ್ಲಿ ಒಂದು ಗುದ್ದಲಿಯೂ ಕಾಣಲಿಲ್ಲ. ಬ್ರೋಡಿ ಕೌನ್ಸಿಲ್ಲಿನ ಡಿಪೋಗೆ ಹೋದ. ಅಲ್ಲಿ ರಸ್ತೆ ಕೆಲಸಗಳ ಮೇಲ್ವಿಚಾರಕಿ ಟ್ರೂಡಿ ಒಂದು ಕೈಯಲ್ಲಿ ಮಾಂಸ ತುಂಬಿದ ಕಡುಬಿನಂಥ ಪ್ಯಾಸ್ಟಿ, ಇನ್ನೊಂದರಲ್ಲಿ ಸಾಸ್ ಬಾಟಲು ಹಿಡಿದಿದ್ದಳು.

"ಟ್ರೂಡಿ, ಸೈಲೋ ರಸ್ತೆ ಫುಟ್‌ಪಾತ್ ಯಾವಾಗ ಶುರು?"

"ಯಾವ ಫುಟ್‌ಪಾತ್?"

"ಸಭೇಲಿ ಪಾಸಾಯ್ತಲ್ಲ!"

ಟ್ರೂಡಿ ಪ್ಯಾಸ್ಟಿ ಕೆಳಗಿಟ್ಟು, ಕೈ ಒರೆಸಿಕೊಂಡು, ಕಡತ ತೆಗೆದು ನೋಡಿದಳು. ಅವಳ ಮುಖದಲ್ಲಿ ನಗುವೂ ಕರುಣೆಯೂ ಒಂದನ್ನೊಂದು ತಳ್ಳಾಡಿದವು. "ಗಮನಿಸಿ ಅಂದ್ರಿ. ಗಮನಿಸಿದ್ವಿ. ಬಾಳ ಚೆನ್ನಾಗಿ ಗಮನಿಸಿದ್ದೀವಿ, ನೋಡಿ, ಸೀಲೂ ಬಿದ್ದಿದೆ."

"ಗಮನಿಸೋದು ಅಂದ್ರೆ ಮಾಡೋದು ತಾನೇ? ಅಂಗಡೀಲಿ ಜನೆಟ್ 'ಗಿರಾಕಿನ ಗಮನಿಸು' ಅಂದ್ರೆ ಎದ್ದು ಹೋಗಿ ಸಾಮಾನು ಕೊಡ್ಬೇಕು. ಕೂತು ನೋಡ್ತಿದ್ರೆ ಕೆಲಸ ಹೋಗುತ್ತೆ."

"ಅದು ಅಂಗಡಿ. ಇದು ಕೌನ್ಸಿಲ್. ಇಲ್ಲಿ ಗಮನಿಸೋದು ಅಂದ್ರೆ ಜೋಗುಳ ಹಾಡಿ ಮಲಗ್ಸೋದು. ಲಿಂಡ್ಸೆ ಯಾಕೆ ಅಷ್ಟು ಖುಷಿಯಾಗಿ ಅನುಮೋದಿಸಿದ್ರು ಅಂದ್ಕೊಂಡ್ರಿ? ಬ್ರೋಡಿ, ನಾವು ಡಿಪೋದವರು ಗೊತ್ತುವಳೀನ ಪೂರ್ತಿ ಓದಲ್ಲ. ಕೊನೇ ಪದ ಓದ್ತೀವಿ. ಕೊನೇ ಪದದಲ್ಲಿ ಸಿಮೆಂಟ್ ಇದ್ರೆ ಲಾರಿ ಹೊರಡುತ್ತೆ. ಇಲ್ದಿದ್ರೆ ಕಡತಕ್ಕೆ ಹೋಗುತ್ತೆ."

ಬ್ರೋಡಿ ಹೊರಗೆ ಬಂದು ಕಾರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡ. ಮುಂದಿನ ಮೇಯರ್ ಅಲ್ಲಿರಲಿಲ್ಲ. ಕೂದಲನ್ನು ಕೆದರಿ ಮೊದಲಿನಂತೆ ಮಾಡಿಕೊಂಡು ಸೀದಾ ಅಂಚೆ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದ. ತಪ್ಪು ಒಪ್ಪಿಕೊಳ್ಳುವುದರಲ್ಲಿ ಅವನಿಗೆ ಅನುಭವವಿತ್ತು.

ನೆರಿಡಾ ಲಕೋಟೆಯ ಮೇಲೆ ಮುದ್ರೆ ಒತ್ತಿದಳು, ಇನ್ನೊಂದರ ಮೇಲೆ ಒತ್ತಿದಳು.

"ನಾನು ಆ ಕೇಕ್ ತಿಂದುಬಿಟ್ನಲ್ಲೋ" ಎಂದಳು ಕೊನೆಗೆ.

"ಇನ್ನೂ ಸೆಪ್ಟೆಂಬರ್ ಸಭೆ ಇದೆ."

"ಲಾರಿಗಳು ಅಕ್ಟೋಬರ್ ಕೊನೇಲಿ ಬರ್ತವೆ."

"ಅದಕ್ಕೇ ತಾರೀಖು ಹಾಕ್ತೀನಿ. ಮೀಟರೂ ಹಾಕ್ತೀನಿ. ಕೊನೇ ಪದದಲ್ಲಿ ಸಿಮೆಂಟ್ ಹಾಕ್ತೀನಿ. ಬಾ, ಸಭೆಗೆ ನೀನೂ ಬಾ. ಸಾರ್ವಜನಿಕರು ಮೊದಲ ಕಾಲು ಗಂಟೆ ಪ್ರಶ್ನೆ ಕೇಳ್ಬಹುದು."

ಆ ಮೇಲೆ ಬ್ರೋಡಿ ಮಾಡಿದ ಕೆಲಸವನ್ನು ಊರು ಬಹಳ ದಿನ ಆಡಿಕೊಂಡಿತು. ಪ್ರತಿದಿನ ಹತ್ತೂವರೆಯ ಚಹಾ ಬಿಡುವಿನಲ್ಲಿ ಅಂಗಡಿಯ ಅಳತೆ ಟೇಪು ಹಿಡಿದು ಸೈಲೋ ರಸ್ತೆಯಲ್ಲಿ ಕಪ್ಪೆಯಂತೆ ಕುಪ್ಪಳಿಸಿಕೊಂಡು ಅಳೆದ. ಲಿಂಡ್ಸೆ ಏನು ಕೇಳುತ್ತಾನೆಂದು ಅವನಿಗೆ ಗೊತ್ತಿತ್ತು: ಫುಟ್‌ಪಾತ್ ಹಾಕಿದರೆ ಲಾರಿ ಎಲ್ಲಿ ನಿಲ್ಲಬೇಕು? ಆ ಪ್ರಶ್ನೆ ಸುಳ್ಳಲ್ಲ. ಬೆಳೆ ಮಳೆಗೆ ಸಿಗುವ ಮುಂಚೆ ಸೈಲೋ ಮುಟ್ಟದಿದ್ದರೆ ಊರಿಗೇ ಹೊಡೆತ. ರಸ್ತೆಯ ಆಚೆ ಬದಿಯಲ್ಲಿ ಹಿಂದೆ ಕುರಿ ಸಂತೆ ನಡೆಯುತ್ತಿದ್ದ ಬಯಲೊಂದಿತ್ತು, ಈಗ ಹುಲ್ಲು ಬೆಳೆದು ಖಾಲಿ. ಅದರ ಬೇಲಿಯನ್ನು ಅಳೆದ. ಒಬ್ಬ ಲಾರಿ ಚಾಲಕನನ್ನು ಕಾಡಿ ಬೇಡಿ ಲಾರಿಯನ್ನು ಆ ಬಯಲಲ್ಲಿ ತಿರುಗಿಸಿ ನೋಡಿದ. ಹದಿನಾಲ್ಕು ಲಾರಿ ನಿಲ್ಲುತ್ತವೆ. ರಸ್ತೆಯಂಚಿನಲ್ಲಿ ನಿಲ್ಲುತ್ತಿದ್ದದ್ದು ಹನ್ನೊಂದು. ಅಷ್ಟನ್ನೂ ಕಡು ಕೆಂಪು ಚೀಟಿಗಳ ಬೆನ್ನಿಗೆ ಬರೆದ. ಜನೆಟ್ ಕೆಂಪು ಬಣ್ಣದ ಚೀಟಿಗಳೆಲ್ಲ ಎಲ್ಲಿ ಹೋದವೆಂದು ಕೇಳಿದಾಗ, "ಆ ಬಣ್ಣ ಈ ವರ್ಷ ಬಹಳ ಓಡ್ತಿದೆ" ಎಂದ.

ಸೆಪ್ಟೆಂಬರಿನ ಮೂರನೇ ಮಂಗಳವಾರ ಬಂತು. ಕೌನ್ಸಿಲ್ ಕಟ್ಟಡದ ಮುಂಬಾಗಿಲಿಗೆ ಎರಡು ಮೆಟ್ಟಿಲಿರುವುದರಿಂದ ನೆರಿಡಾ ಹಿಂದಿನ ಅಡಿಗೆಕೋಣೆಯ ಮೂಲಕ ಒಳಗೆ ಬಂದಳು, ದಾರಿಯಲ್ಲಿ ಸಿಕ್ಕ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡು. ಪ್ರಶ್ನೆಯ ಸಮಯ ಬಂದೊಡನೆ ಕೈಯೆತ್ತಿದಳು.

"ಮೇಯರ್ ಅವ್ರೇ, ಒಂದೇ ಪ್ರಶ್ನೆ. ಗಮನಿಸಲಾಗಿದೆ ಅಂದ್ರೆ ಏನು?"

ಗ್ಲೆನಿಸ್ ಕನ್ನಡಕ ಸರಿಮಾಡಿಕೊಂಡಳು. "ಅಂದ್ರೆ ವಿಷಯ ಸಭೆಯ ಅರಿವಿಗೆ ಬಂದಿದೆ ಅಂತ."

"ಅರಿವಿಗೆ ಬಂದ್ಮೇಲೆ ಏನಾದ್ರೂ ಮಾಡ್ಬೇಕಾ?"

"ಹಾಗೇನೂ... ಕಡ್ಡಾಯ ಇಲ್ಲ."

"ಸರಿ, ತಿಳೀತು." ನೆರಿಡಾ ಕುರ್ಚಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿದಳು. "ಲಿಂಡ್ಸೆ ಅವ್ರೇ, ನಿಮ್ಮ ಕೊಯ್ಲು ಯಂತ್ರದ ಬೆಲ್ಟು ಬಂತಾ ಬಂತಾ ಅಂತ ಈ ವಾರ ಮೂರು ಸಲ ಫೋನ್ ಮಾಡಿದ್ರಲ್ಲ. ಇವತ್ತು ಬೆಳಿಗ್ಗೆ ಬಂತು."

ಲಿಂಡ್ಸೆಯ ಮುಖ ಅರಳಿತು. "ಬಂತಾ! ದೇವರು ದೊಡ್ಡವನು!"

"ಹೌದು, ಬಂತು. ಗಮನಿಸಿದ್ದೀನಿ."

ಮೊದಲು ನಕ್ಕಿದ್ದು ಮೂಲೆಯಲ್ಲಿ ಕೂತಿದ್ದ ಟ್ರೂಡಿ. ಅವಳ ನಗು ಮೇಜಿನುದ್ದಕ್ಕೂ ಹರಡಿತು. ಮೇಯರ್ ಕೂಡ ಕಾಗದದ ಹಿಂದೆ ಮುಖ ಅಡಗಿಸಿಕೊಂಡಳು. ಲಿಂಡ್ಸೆಯ ಕಿವಿ ಬ್ರೋಡಿಯ ಚೀಟಿಗಳ ಬಣ್ಣಕ್ಕೆ ತಿರುಗಿತು.

ಬ್ರೋಡಿ ಎದ್ದು ನಿಂತ. ಏಪ್ರನ್ ಈ ಸಲವೂ ಮೈಮೇಲಿತ್ತು. ಈ ಸಲ ಬೇಕೆಂದೇ. "ಸೈಲೋ ರಸ್ತೆಯ ದಕ್ಷಿಣದ ಅಂಚಿನಲ್ಲಿ ನೂರೆಂಬತ್ತು ಮೀಟರ್ ಕಾಂಕ್ರೀಟ್ ಫುಟ್‌ಪಾತನ್ನು ಅಕ್ಟೋಬರ್ ಇಪ್ಪತ್ತರೊಳಗೆ ಕಟ್ಟಿ ಮುಗಿಸತಕ್ಕದ್ದು" ಎಂದು ಓದಿದ. ಕೊನೆಯ ಪದವನ್ನು ಎರಡು ಸಲ ಓದಿದ.

"ಅನುಮೋದಕರು?" ಎಂದಳು ಮೇಯರ್.

ಯಾವ ಕೈಯೂ ಏಳಲಿಲ್ಲ. ಎಲ್ಲರೂ ಲಿಂಡ್ಸೆಯ ಕಡೆ ನೋಡುತ್ತಿದ್ದರು. ಅನುಮೋದಕರಿಲ್ಲದ ಗೊತ್ತುವಳಿ ಅಲ್ಲಿಗೇ ಬಿದ್ದುಹೋಗುತ್ತದೆ. ಮುಂದಿನ ಸಭೆಯಲ್ಲಿ ಪಾಸಾದರೂ ಕೆಲಸ ಮುಗಿಯುವ ಮುಂಚೆ ಲಾರಿಗಳು ಬಂದಿರುತ್ತವೆ.

"ಲಾರಿಗಳು ಎಲ್ಲಿ ನಿಲ್ಬೇಕು ತಮ್ಮಾ?" ಎಂದ ಲಿಂಡ್ಸೆ. "ತಲೆ ಮೇಲಾ?"

ಬ್ರೋಡಿ ಏಪ್ರನ್ ಜೇಬಿನಿಂದ ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಇಸ್ಪೀಟೆಲೆಯಂತೆ ಸಾಲಾಗಿ ಹರಡಿದ. "ಕುರಿ ಸಂತೆ ಬಯಲಲ್ಲಿ. ಈಗ ಹನ್ನೊಂದು ನಿಲ್ತವೆ, ಅಲ್ಲಿ ಹದಿನಾಲ್ಕು. ಅಳೆದಿದ್ದೀನಿ. ತಿರುಗಿಸಿಯೂ ನೋಡಿದ್ದೀನಿ. ನಿಮ್ಮ ಲಾರಿ ಹನ್ನೆರಡನೇದಾಗಿ ಬಂದ್ರೆ ಹೋದ ವರ್ಷ ಹೆದ್ದಾರಿಲಿ ಬಿಸಿಲಲ್ಲಿ ಕಾಯ್ತಿತ್ತು. ಈ ವರ್ಷ ಮರದ ನೆರಳಲ್ಲಿ ಕಾಯುತ್ತೆ."

ಲಿಂಡ್ಸೆ ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಒಂದನ್ನು ಎತ್ತಿ ಬೆಳಕಿಗೆ ಹಿಡಿದ. "ಇದನ್ನ ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಮೊದಲು ನಂಗೂ ಗೊತ್ತಿರ್ಲಿಲ್ಲ. ಗೊತ್ತಿದೆ ಅಂದ್ಕೊಂಡಿದ್ದೆ."

ಲಿಂಡ್ಸೆ ಗಂಟಲು ಸರಿಮಾಡಿಕೊಂಡ. "ನಾನು ಅನುಮೋದಿಸ್ತೀನಿ. ಆದ್ರೆ ಸಭೆ ಮುಗಿದ ತಕ್ಷಣ ನನ್ ಬೆಲ್ಟು ನನ್ ಕೈಲಿರ್ಬೇಕು."

"ನಿಮ್ಮ ಗಾಡಿ ಹಿಂದೆ ನೋಡಿ" ಎಂದಳು ನೆರಿಡಾ. "ಸಭೆಗೆ ಬರೋ ಮುಂಚೇನೇ ಇಡ್ಸಿದ್ದೀನಿ. ಅಂಚೆ ಕಚೇರಿ ಅದು, ಕೌನ್ಸಿಲ್ ಅಲ್ಲ."

ಒಂಬತ್ತು ಕೈಗಳು ಮೇಲೆದ್ದವು. ಈ ಸಲ ಬ್ರೋಡಿ ಕೇಕ್ ಕೊಳ್ಳಲಿಲ್ಲ. ಸೀದಾ ಮೂಲೆಗೆ ಹೋಗಿ ಟ್ರೂಡಿಯ ಕಡೆ ನೋಡಿದ. ಅವಳು ಕೊನೆಯ ಪದದ ಕೆಳಗೆ ಆಗಲೇ ಗೆರೆ ಎಳೆದಿದ್ದಳು.

ಅಕ್ಟೋಬರ್ ಹದಿನೇಳಕ್ಕೆ ಕಾಂಕ್ರೀಟ್ ಬಿತ್ತು. ಅದು ಒಣಗುವವರೆಗೆ ಬಿಳಿ ಗಿಣಿಯೊಂದು ಮಾತ್ರ ಅದರ ಮೇಲೆ ನಡೆದು ಹೆಜ್ಜೆ ಗುರುತು ಬಿಟ್ಟಿತು. ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಮೊದಲ ಲಾರಿಗಳು ಬಂದವು. ಬ್ರೋಡಿ ಅಂಚೆ ಕಚೇರಿಯ ಪಕ್ಕದಲ್ಲೇ ಇದ್ದ ಅಂಗಡಿಯ ಬಾಗಿಲಲ್ಲಿ ಪೊರಕೆ ಹಿಡಿದು, ಗುಡಿಸಿದ್ದನ್ನೇ ಗುಡಿಸುತ್ತಿದ್ದ. ಕುರಿ ಸಂತೆ ಬಯಲಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಈ ಬದಿಯ ಹೊಸ ದಾರಿಯಲ್ಲಿ ಕಿತ್ತಳೆ ಬಾವುಟವೊಂದು ಸದ್ದಿಲ್ಲದೆ, ನಿಲ್ಲದೆ ಬರುತ್ತಿತ್ತು. ಚಾಲಕನೊಬ್ಬ ಸ್ಟಿಯರಿಂಗಿನಿಂದ ತೋರುಬೆರಳೊಂದನ್ನು ಮಾತ್ರ ಎತ್ತಿದ, ಆ ಸೀಮೆಯಲ್ಲಿ ಎಲ್ಲರೂ ಎಲ್ಲರಿಗೂ ಎತ್ತುವ ಹಾಗೆ. ನೆರಿಡಾ ಗಾಲಿಯಿಂದ ಒಂದು ಬೆರಳೆತ್ತಿದಳು.

ಅಂಗಡಿಯ ಮುಂದೆ ಬಂದು ನಿಂತಳು. ಬ್ರೋಡಿ ಹೊಗಳಿಕೆಗೆ ಸಿದ್ಧನಾಗಿ ಪೊರಕೆಯ ಮೇಲೆ ಒರಗಿದ.

"ಅಂಚೆ ಕಚೇರಿ ಮುಂದೆ ಕೊನೇಲಿ ಎರಡು ಬೆರಳಷ್ಟು ಎತ್ತರ ಬಿಟ್ಟಿದ್ದಾರೆ" ಎಂದಳು. "ಗಾಲಿ ಧಡ್ ಅನ್ನುತ್ತೆ."

"ಅದನ್ನ..."

"ಆ ಪದ ಬಾಯಿಂದ ಬಂದ್ರೆ ನೋಡು ಮತ್ತೆ!"

ಬ್ರೋಡಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. ಕೆಂಪು ಚೀಟಿಗಳು ಮುಗಿದಿದ್ದವು. ಕೈಗೆ ಸಿಕ್ಕಿದ್ದು ಒಂದು ಕಡು ನೀಲಿ. ಮೊದಲು ಚೀಟಿಯ ಬಲ ಅಂಚಿಗೆ ಹೋಗಿ ಕೊನೆಯ ಪದವನ್ನು ಬರೆದ: ಸಮಮಾಡತಕ್ಕದ್ದು. ಆಮೇಲೆ ಎಡಕ್ಕೆ ಬಂದು ಉಳಿದದ್ದನ್ನು ತುಂಬತೊಡಗಿದ. ಜಾಗ ಸಾಲಲಿಲ್ಲ.

"ಕೆಲಸಕ್ಕೆ ಹೋಗೇ" ಎಂದ. "ಸ್ಟಾಂಪ್ ಎಲ್ಲಿದೆ ಅಂತ ನಿನ್ನನ್ನೇ ಕೇಳ್ಬೇಕಾದವರು ಅಲ್ಲಿ ಸಾಲು ನಿಂತಿದ್ದಾರೆ."