ಆರನೇ ನಿಮಿಷದ ದಿಬ್ಬ

ಗೋವಾದ ಪರ್ವರಿಯಲ್ಲಿ ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಎದುರಿಗೆ ಇನ್ನೊಂದು ಕಟ್ಟಡ ಏಳುತ್ತಿದೆ. ನಾವು ಬಂದಾಗ ಅದು ಬರೀ ತಗ್ಗು, ಈಗ ನಮ್ಮ ಬೆಳಗಿನ ಬಿಸಿಲನ್ನೆಲ್ಲ ನುಂಗುವಷ್ಟು ಎತ್ತರ. ವಾರದಲ್ಲಿ ಐದು ದಿನ ನಾನು ಒಂದು ಕಚೇರಿಯಲ್ಲಿ ಕಡತ ನೋಡುತ್ತೇನೆ. ಉಳಿದ ಎರಡು ದಿನ ನಾನು ವಿಡಿಯೊ ಚಾನೆಲ್ಲಿನ ಒಡತಿ. ಹಾಗೆ ಹೇಳಿಕೊಳ್ಳಲು ನನಗೆ ಬಹಳ ಇಷ್ಟ, ಆದರೆ ಮೊದಮೊದಲು ಕೇಳುವವರೇ ಇರಲಿಲ್ಲ.

ಗೋವಾ ಎಂದಮೇಲೆ ಸಮುದ್ರ ತೋರಿಸಬೇಕು ಎಂದುಕೊಂಡು ಒಂದು ವರ್ಷ ಸಮುದ್ರವನ್ನೇ ತೋರಿಸಿದೆ. ನನ್ನ ಸೂರ್ಯ ಮುಳುಗುವುದನ್ನು ನೋಡಿದವರು ಧಾರವಾಡದ ನನ್ನ ತವರಿನವರು ಮಾತ್ರ, ಅವರೂ ಪೂರ್ತಿ ಮುಳುಗುವತನಕ ಕಾಯುತ್ತಿರಲಿಲ್ಲ. ಆಮೇಲೆ ಸಾಂಖಳಿಯ ಸಂತೆ, ಉಸಗಾಂವದ ಕನ್ನಡದ ಟೇಲರ್ ಒಬ್ಬರ ಅಂಗಡಿ, ನಮ್ಮ ಓಣಿಯ ಪಾವ್ ಮಾರುವವನ ಸೈಕಲ್ಲು, ಹೀಗೆ ಸಿಕ್ಕಿದ್ದನ್ನೆಲ್ಲ ಹಿಡಿದೆ. ಫೋನು ಹಿಡಿಯುವ ಕೆಲಸ ನನ್ನ ಗಂಡನದು, ಬೈಸಿಕೊಳ್ಳುವ ಕೆಲಸವೂ ಅವರದೇ.

ಇಷ್ಟು ಜನ ಚಂದಾದಾರರಾಗಬೇಕು, ವರ್ಷದಲ್ಲಿ ಇಷ್ಟು ಗಂಟೆ ನೋಡಿರಬೇಕು, ಆಗ ಮಾತ್ರ ಜಾಹೀರಾತು ಬರುತ್ತದೆ, ಅದರಲ್ಲಿ ನಮಗೊಂದು ಪಾಲು ಎಂಬುದು ವಿಡಿಯೊ ಕಂಪನಿಯ ನಿಯಮ. ಜನ ಹೇಗೋ ಕೂಡಿದರು. ಗಂಟೆಗಳು ಕೂಡಲೊಲ್ಲವು. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಫೋನು ತೆಗೆದು ಆ ಅಂಕಿ ನೋಡುವ ಕೆಟ್ಟ ಚಟ ನನಗೆ ಹತ್ತಿದ್ದು ಆಗಲೇ. ದುಡ್ಡಿಗಿಂತ ನನಗೆ ಬೇಕಾಗಿದ್ದದ್ದು ಯಾರೋ ಒಬ್ಬರು 'ನಿನ್ನ ಕೆಲಸ ಕೆಲಸವೇ' ಎಂದು ಹೇಳುವುದು. ಕಚೇರಿಯಲ್ಲಿ ಹದಿನಾಲ್ಕು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.

ಒಂದು ಭಾನುವಾರ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಎದುರಿನ ಕಟ್ಟಡದ ಕೆಲಸಗಾರರ ತಗಡಿನ ಶೆಡ್ಡಿನಿಂದ ಸದ್ದು ಬಂತು. ಟಪ್, ಟಪ್, ಟಪ್. ಯಾರೋ ರೊಟ್ಟಿ ಬಡಿಯುತ್ತಿದ್ದರು. ಎಂಥ ಲಯ ಎಂದರೆ ನಾನು ಚಹಾ ಅಲ್ಲೇ ಬಿಟ್ಟು ಕೆಳಗಿಳಿದೆ. ಧಾರವಾಡದವಳಾಗಿ ಹುಟ್ಟಿಯೂ ನನಗೆ ರೊಟ್ಟಿ ಬರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳಂತೆ, ಹಾಗೆ ನಾನು ಗೋವಾದ ಹವೆಯ ಮೇಲೆ ತಪ್ಪು ಹಾಕಿ ರೊಟ್ಟಿ ಕೊಂಡು ತರುವವಳು. ಯಾವಳೋ ಊರಿನ ಹೆಣ್ಣುಮಗಳು ಬಂದಿದ್ದಾಳೆ, ಕಲಿತುಕೊಳ್ಳೋಣ ಎಂದು ಹೋಗಿ ನೋಡಿದರೆ ಒಲೆಯ ಮುಂದೆ ಕೂತಿದ್ದದ್ದು ಐವತ್ತು ದಾಟಿದ ಒಬ್ಬ ಗಂಡಸು, ತುದಿ ತಿರುವಿದ ಮೀಸೆಯ ತುಂಬ ಹಿಟ್ಟು.

ವಿಜಯಪುರದ ಕಡೆಯವರು. ಶೆಡ್ಡಿನಲ್ಲಿ ಎಂಟು ಜನ, ಎಲ್ಲರೂ ಗಂಡಸರೇ. ಒಬ್ಬೊಬ್ಬರು ಒಂದೊಂದು ದಿನ ಅಡುಗೆ ಎಂಬ ಪಾಳಿ ಮೊದಲು ಇತ್ತಂತೆ. ಇವರ ಕೈಯ ರೊಟ್ಟಿ ತಿಂದಮೇಲೆ ಉಳಿದವರು ಪಾಳಿ ಮುರಿದರು. ನೀರು ತರುವುದು, ಪಾತ್ರೆ ತಿಕ್ಕುವುದು, ಪಲ್ಯ, ಎಲ್ಲ ಅವರದು. ರೊಟ್ಟಿ ಮಾತ್ರ ಇವರದು.

"ಎಲ್ಲಿ ಕಲ್ತ್ರಿ?" ಎಂದೆ.

"ಕಲಿಯೂದೇನ್ರಿ, ಹಸಿವಿ ಕಲಿಸ್ತು," ಎಂದು ನಕ್ಕರು.

ವಿಡಿಯೊ ಮಾಡಲೇ ಎಂದು ಕೇಳಿದೆ. ಎಲ್ಲರಿಗೂ ಕಾಣುತ್ತದೆ ಎಂದೂ ಹೇಳಿದೆ. "ಗೋವಾದಾಗ ನನ್ನ ಯಾರ್ ಗುರ್ತು ಹಿಡೀತಾರ, ಮಾಡ್ರಿ," ಎಂದರು. ಗೋವಾದ ವಿಡಿಯೊ ಗೋವಾದವರೇ ನೋಡುತ್ತಾರೆ ಎಂದು ಅವರು ತಿಳಿದರು. ವರ್ಷಗಟ್ಟಲೆ ಚಾನೆಲ್ ನಡೆಸಿದ ನಾನೂ ಅದನ್ನೇ ತಿಳಿದಿದ್ದೆ. ಮಾತೆಲ್ಲ ಕನ್ನಡದಲ್ಲಿದೆ, ನೋಡುವವರು ಯಾರು ಎಂದು ಇಬ್ಬರೂ ಯೋಚಿಸಲಿಲ್ಲ.

ಹನ್ನೊಂದು ನಿಮಿಷದ ಆ ವಿಡಿಯೊ ಓಡಿತು. ವಿಜಯಪುರ, ಬಾಗಲಕೋಟೆ, ಕಲಬುರಗಿ ಎಂದು ಫೋನು ಊರುಗಳ ಪಟ್ಟಿ ಕೊಟ್ಟಿತು. ಇನ್ನೂ ಒಂದು ತೋರಿಸಿತು. ನೋಡುವವರು ಎಲ್ಲಿ ಬಿಟ್ಟುಹೋದರು, ಎಲ್ಲಿ ಹಿಂದಕ್ಕೆ ಸರಿಸಿ ಮತ್ತೆ ನೋಡಿದರು ಎಂಬುದಕ್ಕೆ ಒಂದು ಗೆರೆ ಇರುತ್ತದೆ. ಸಾಮಾನ್ಯವಾಗಿ ಅದು ಇಳಿಜಾರು. ಇದರಲ್ಲಿ ಆರನೇ ನಿಮಿಷದಲ್ಲಿ ಒಂದು ದಿಬ್ಬ ಎದ್ದಿತ್ತು. ದಿನದಿನಕ್ಕೂ ಅದು ಬೆಳೆಯುತ್ತಿತ್ತು.

ನಾನು ಆ ಜಾಗ ತೆಗೆದು ನೋಡಿದೆ. ರೊಟ್ಟಿ ಬಡಿಯುವುದು ಅಲ್ಲಿ ಮುಗಿದಿತ್ತು. ಅವರು ಕೈ ಒರೆಸಿಕೊಂಡು ಚಹಾ ಕುಡಿಯುತ್ತಾ ಕೂತಿದ್ದಾರೆ. ಕ್ಯಾಮೆರಾ ನೋಡದೆ, ಒಲೆಯ ಕಡೆ ಮುಖ ಮಾಡಿ ಹೇಳುತ್ತಾರೆ: "ನಮ್ಮನಿಯಾಕಿ ದಿನಾ ಇಪ್ಪತ್ತು ಬಡೀತಿದ್ಲ್ರಿ. ದಪ್ಪ ಆತು ಅಂತ ನಾ ತಾಟು ದೂಡ್ತಿದ್ನಿ. ಕೈ ಉರೀತಾವಂತ ಈಗ ಗೊತ್ತಾತು." ಅಷ್ಟೇ, ನಲವತ್ತು ಸೆಕೆಂಡು. ಹಿಂದೆ ಒಂದು ಕಂದು ನಾಯಿ ಬಂದು ಬುಟ್ಟಿ ಮೂಸಿ ಹೋಗುತ್ತದೆ.

"ನಾಯಿ," ಎಂದರು ನನ್ನ ಗಂಡ, ಬಹಳ ತಿಳಿದವರಂತೆ. "ಜನಕ್ಕ ನಾಯಿ ಅಂದ್ರ ಪ್ರಾಣ."

ನಾನು ನಂಬಿದೆ. ಮುಂದಿನ ಎರಡು ವಾರ ಪರ್ವರಿಯ ಬೀದಿನಾಯಿಗಳನ್ನು ಬೆನ್ನಟ್ಟಿ ವಿಡಿಯೊ ಮಾಡಿದೆ. ಒಂದನ್ನೂ ಯಾರೂ ನೋಡಲಿಲ್ಲ. ಹಾಗಾದರೆ ಆ ದಿಬ್ಬ ಯಾತರದು? ಕಚೇರಿಯಲ್ಲಿ ಕೂತಾಗಲೂ ತಲೆಯಲ್ಲಿ ಅದೇ. ಹಿಂದಿನ ಗೋಡೆ ನೋಡಿದೆ, ಚಹಾದ ಲೋಟ ನೋಡಿದೆ, ಒಂದೊಂದು ಚಿತ್ರ ನಿಲ್ಲಿಸಿ ನೋಡಿದೆ. ಮಾತನ್ನು ಮಾತ್ರ ಕೇಳಲಿಲ್ಲ. ಅದು ನನಗೆ ಬಾಯಿಪಾಠವಾಗಿತ್ತು, ಆದ್ದರಿಂದ ಕೇಳಿಸುತ್ತಲೇ ಇರಲಿಲ್ಲ.

ಗಂಟೆಗಳ ಲೆಕ್ಕ ಇನ್ನೇನು ಮುಟ್ಟಬೇಕು ಎನ್ನುವಾಗ ಅವರು ನಮ್ಮ ಬಾಗಿಲಿಗೆ ಬಂದರು. ಚಪ್ಪಲಿ ಕೆಳಗೇ ಬಿಟ್ಟು ಬರಿಗಾಲಲ್ಲಿ ಮೂರು ಮಹಡಿ ಹತ್ತಿದ್ದರು. ಒಳಗೆ ಬರಲು ಒಪ್ಪಲಿಲ್ಲ.

"ಅಕ್ಕಾರ, ಊರಾಗ ಎಲ್ಲಾರೂ ನೋಡ್ಯಾರಂತ. ರೊಟ್ಟಿ ಬಡಿಯೂದು ಇರ್ಲಿ ಬಿಡ್ರಿ, ಅದಕ್ಕ ನಗ್ತಾರ, ನಗ್ಲಿ. ಆ ಮಾತು ತಗೀರಿ."

"ಯಾವ ಮಾತ್ರೀ?"

"ತಾಟಿನ ಮಾತು. ಹೆಂಡ್ತಿ ಮುಂದ ಒಂದಿನ ಆಡಿಲ್ಲ ನಾ ಅದನ್ನ. ಊರ ಮುಂದ ಆಡಿಬಿಟ್ನಿ."

ಆಗಲಿ, ನಾಳೆ ತೆಗೆಯುತ್ತೇನೆ ಎಂದೆ. ತೆಗೆಯಲಿಲ್ಲ. ಆ ಮಾತು ಇದ್ದದ್ದು ಆರನೇ ನಿಮಿಷದಲ್ಲಿ, ಜನ ಬರುತ್ತಿದ್ದದ್ದೇ ಆ ದಿಬ್ಬಕ್ಕೆ. ಅದನ್ನು ಕಡಿದರೆ ಗಂಟೆಗಳು ಅಲ್ಲಿಗೇ ನಿಲ್ಲುತ್ತವೆ. ಇನ್ನು ನಾಲ್ಕೈದು ದಿನದ ಮಾತು, ಜಾಹೀರಾತಿನ ಅನುಮತಿ ಬಂದಮೇಲೆ ತೆಗೆದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹೀಗೇ.

ಮುಂದಿನ ಭಾನುವಾರ ಬಾಲ್ಕನಿಗೆ ಬಂದಾಗ ಸದ್ದು ಸರಿಯಾಗಿ ಕೇಳಿಸಲಿಲ್ಲ. ಬಗ್ಗಿ ನೋಡಿದೆ. ಅವರು ಒಲೆಯನ್ನು ಶೆಡ್ಡಿನ ಆ ಬದಿಗೆ, ನನಗೆ ಕಾಣದ ಕಡೆ ಒಯ್ದಿದ್ದರು. ಬಂದು ಜಗಳ ಮಾಡಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಒಲೆ ಸರಿಸಿದವರಿಗೆ ಏನು ಹೇಳುವುದು? ಒಳಗೆ ಹೋಗಿ ಆ ನಲವತ್ತು ಸೆಕೆಂಡು ಕತ್ತರಿಸಿದೆ.

ನಾನು ಹೆದರಿದಂತೆಯೇ ಆಯಿತು. ಅಂಕಿ ನಿಂತಲ್ಲೇ ನಿಂತಿತು. ಇನ್ನೊಂದು ಚೂರು ಗುಡ್ಡ ಏರಲಾರದೆ ಬಸ್ಸು ನಿಂತಂತಿತ್ತು. ಮೂರನೇ ದಿನ ಆ ವಿಡಿಯೊದ ಕೆಳಗೆ ಒಂದು ಟಿಪ್ಪಣಿ ಬಂತು. ಬರೆದವಳು ಅವರ ಮಗಳು.

"ಅಕ್ಕಾರ, ನಮ್ಮಪ್ಪ ಮಾತಾಡಿದ್ದು ಯಾಕ ತಗದ್ರಿ. ನಮ್ಮವ್ವ ರೊಟ್ಟಿ ಬಡಿಯೂಮುಂದ ದಿನಾ ಅದನ್ನ ಹಚ್ಚಿ ಇಟ್ಕೊಂಡು ಕೇಳ್ತಿದ್ಲು. ಮುಗದ ಕೂಡ್ಲೇ ಮತ್ತ ಹಚ್ಚು ಅಂತಿದ್ಲು. ಇವತ್ತ ಫೋನ್ ಕೆಟ್ಟೈತಿ ಅಂತ ನನಗ ಬೈದ್ಲು. ಇನ್ನೊಂದು, ಅವ್ವ ಹೇಳ್ಯಾಳ, ನೀರು ಇನ್ನಷ್ಟು ಕುದೀಬೇಕು, ಇಲ್ಲಂದ್ರ ರೊಟ್ಟಿ ಅಂಚು ಸೀಳ್ತಾವ ಅಂತ ಅಪ್ಪಗ ಹೇಳ್ರಿ."

ದಿಬ್ಬದ ಅರ್ಧ ಮಣ್ಣು ಒಂದೇ ಅಡುಗೆಮನೆಯದು. ನಾನು ಅದನ್ನು ಗೋಡೆಯಲ್ಲಿ, ಲೋಟದಲ್ಲಿ, ನಾಯಿಯ ಬಾಲದಲ್ಲಿ ಹುಡುಕಿದ್ದೆ.

ಫೋನು ಹಿಡಿದು ಶೆಡ್ಡಿಗೆ ಹೋದೆ. ಕೆಲಸ ಬಿಟ್ಟು ಆಗಷ್ಟೇ ಬಂದಿದ್ದರು, ಕೈಗೆ ಇನ್ನೂ ಸಿಮೆಂಟು ಇತ್ತು. ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದರು. ಎರಡನೇ ಸಲ 'ಮತ್ತ ಹಚ್ಚು' ಎಂಬಲ್ಲಿ ಮುಖ ಆ ಕಡೆ ತಿರುಗಿಸಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡುವುದೇನು.

"ಫೋನ್ ಮಾಡಿದಾಗ ಒಮ್ಮೆನೂ ಅಂದಿಲ್ಲ ನೋಡ್ರಿ ಆಕಿ," ಎಂದರು.

"ನೀವರ ಅಂದೀರೇನು?"

ಅವರು ಕೈಗೆ ಅಂಟಿದ ಸಿಮೆಂಟು ಕೆರೆದುಕೊಂಡರು. ಆಮೇಲೆ, "ಮತ್ತ ಹಾಕಾಕ ಬರ್ತೈತೇನ್ರಿ?" ಎಂದು ಕೇಳಿದರು. ಬರುತ್ತದೆ, ಮೊದಲಿನದು ಹಾಗೇ ಉಳಿದಿರುತ್ತದೆ ಎಂದೆ. "ಹಂಗಾದ್ರ ಹಾಕ್ರಿ," ಎಂದರು.

ಗಂಟೆಗಳು ಮುಟ್ಟಿದವು, ಅನುಮತಿಯೂ ಬಂತು. ಉದ್ದದ ವಿಡಿಯೊದಲ್ಲಿ ನಡುನಡುವೆ ಎಲ್ಲಿ ಜಾಹೀರಾತು ಬರಬೇಕೆಂದು ನಾವೇ ಗುರುತು ಹಾಕಬಹುದು. "ಜನ ಕೂಡೂ ಕಡೆ ಅಂಗಡಿ ಇಡಬೇಕು, ಆರನೇ ನಿಮಿಷಕ್ಕ ಹಾಕು," ಎಂದರು ನನ್ನ ಗಂಡ. ವ್ಯಾಪಾರದ ಮಾತು ಅದೇ ಸರಿ. ನಾನು ಎರಡನೇ ನಿಮಿಷಕ್ಕೆ ಹಾಕಿದೆ, ಅಲ್ಲಿ ನೀರು ಕುದಿಯುತ್ತಿರುತ್ತದೆ. ಆ ಹೆಣ್ಣುಮಗಳು ಹಿಟ್ಟಿನ ಕೈಯಲ್ಲಿ ಕೇಳುತ್ತಿರುವಾಗ ನಡುವೆ ಯಾವನೋ ಬಂದು ಸೋಪು ಮಾರುವುದು ನನಗೆ ಬೇಡವಾಗಿತ್ತು.

ಅದಾದ ಭಾನುವಾರ ಟಪ್ ಟಪ್ ಸದ್ದು ಮತ್ತೆ ಈ ಬದಿಗೆ ಬಂದಿತ್ತು. ನಾನು ಬಗ್ಗಿ ನೋಡುವ ಮೊದಲೇ ಅವರು ಕೆಳಗಿನಿಂದ ಕೂಗಿದರು, "ಅಕ್ಕಾರ, ಫೋನ್ ತಗೊಂಡು ಬರ್ರಿ!"

ನಾವು ಹೋಗುವಷ್ಟರಲ್ಲಿ ಹೊಸದಾಗಿ ನೀರು ಇಟ್ಟಿದ್ದರು. ಅದು ಕುದಿಯಿತು. ಜೊತೆಯವರು ಹಿಟ್ಟಿನ ಪರಾತ ಮುಂದೆ ತಳ್ಳಿದರು. ಇವರು ಬೇಡವೆಂದು ಕೈ ಅಡ್ಡ ಮಾಡಿ ಇನ್ನೂ ಕಾದರು. ಆಮೇಲೆ ನಾದಿ, ಬಡಿದು, ಹಂಚಿಗೆ ಹಾಕಿ, ತಿರುವಿ, ಬೆಂದ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ನನ್ನ ಗಂಡ ಅಭ್ಯಾಸದಂತೆ ಫೋನನ್ನು ಅವರ ಮುಖಕ್ಕೆ ತಿರುಗಿಸಿದರು.

"ನನ್ನ ಮಾರಿ ಏನ್ ನೋಡ್ತೀರಿ," ಎಂದು ಗದರಿದರು. "ರೊಟ್ಟಿ ಅಂಚಿನ ಹತ್ರ ಹಿಡೀರಿ. ಆಕಿಗಿ ಕಾಣ್ಲಿ."